ಕವಳಿ, ನೇರಳೆ ಒಲೆಯೇರಿದರೆ ಮರ ಉಳಿದೀತು

ಕಾರಹುಣ್ಣಿಮೆಯ ಆಸುಪಾಸಿನಲ್ಲಿ ಊರ ಸಂತೆಯ ಅಂಚಿಗೆ ಎರಡು ಬುಟ್ಟಿಗಳು ಬಂದು ಕೂರುತ್ತವೆ. ಒಂದರಲ್ಲಿ ಕವಳಿ, ಇನ್ನೊಂದರಲ್ಲಿ ನೇರಳೆ. ಬೆಳಿಗ್ಗೆ ನೇರಳೆ ಬುಟ್ಟಿಯ ಮೇಲ್ಪದರ ಮಿರಮಿರನೆ ಮಿಂಚುತ್ತಿರುತ್ತದೆ. ಕೊಳ್ಳುವವರು ಒಂದೊಂದೇ ಹಣ್ಣನ್ನು ಒತ್ತಿ ನೋಡಿ, ಗಟ್ಟಿ ಇದ್ದದ್ದನ್ನು ಆರಿಸಿ ಕಾಲು ಕಿಲೋ ಒಯ್ಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಡಿಯ ಹಣ್ಣು ಮೇಲಿನ ಭಾರಕ್ಕೆ ಒಡೆದು, ಬಿದಿರಿನ ಸಂದಿನಿಂದ ರಸ ಸೋರಲು ಶುರುವಾಗುತ್ತದೆ. ಸಂಜೆ ಸಂತೆ ಮುರಿಯುವಾಗ ಆ ಒಡೆದ ಹಣ್ಣನ್ನು ಕೇಳುವವರೇ ಇಲ್ಲ. ಅದು ದನದ ಬಾಯಿಗೋ ತಿಪ್ಪೆಗೋ ಹೋಗುತ್ತದೆ, ಮಾರುವಾಕೆಯ ಅರ್ಧ ದಿನದ ದುಡಿಮೆಯೂ ಅದರ ಜೊತೆಗೇ ಹೋಗುತ್ತದೆ. ನಮ್ಮ ನೆಲದ ಕಿರುಹಣ್ಣುಗಳ ಭವಿಷ್ಯ ನಿಂತಿರುವುದು ಬುಟ್ಟಿಯ ತಳದ ಈ ಒಡೆದ ಹಣ್ಣಿನ ಮೇಲೆ. ವರ್ಷಕ್ಕೊಮ್ಮೆ ಹಿಡಿಯಷ್ಟು ಕೊಂಡು, ಉಪ್ಪು ಸವರಿ ತಿಂದು, ನಾಲಿಗೆ ನೇರಳೆಯಾಯಿತೆಂದು ಹಿಗ್ಗಿದರೆ ಈ ಹಣ್ಣುಗಳು ಉಳಿಯುವುದಿಲ್ಲ. ಅವನ್ನು ಸಾರಿಗೆ, ಗೊಜ್ಜಿಗೆ, ಚಟ್ನಿಗೆ, ತಂಬುಳಿಗೆ ಹಾಕುವ ಮನೆಗಳು ಹೆಚ್ಚಬೇಕು. ಅಡುಗೆಗೆ ಬಂದ ಹಣ್ಣಿಗಷ್ಟೇ ಸಂತೆಯಲ್ಲಿ ಕಾಯಂ ಜಾಗ, ಸಂತೆಯಲ್ಲಿ ಜಾಗವಿರುವ ಹಣ್ಣಿನ ಮರಕ್ಕಷ್ಟೇ ಊರಿನಲ್ಲಿ ಜಾಗ.

ಕಿರುಹಣ್ಣು ಎಂದು ಇಲ್ಲಿ ಕರೆಯುತ್ತಿರುವುದು ಇಂಗ್ಲಿಷಿನವರು ಬೆರಿ ಎನ್ನುವ ಜಾತಿಯನ್ನು. ಆ ಹೆಸರು ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸ್ಟ್ರಾಬೆರಿ, ಬ್ಲ್ಯೂಬೆರಿಗಳ ಪುಟ್ಟ ಪ್ಲಾಸ್ಟಿಕ್ ಡಬ್ಬಿ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಸ್ಟ್ರಾಬೆರಿ ಬೆರಿಯೇ ಅಲ್ಲ. ನೇರಳೆ, ಕವಳಿ, ಮುರುಗಲು, ದ್ರಾಕ್ಷಿ ಬೆರಿಗಳು. ಶಾಸ್ತ್ರವನ್ನು ಬದಿಗಿಟ್ಟು ಸಂತೆಯ ಕಣ್ಣಿನಲ್ಲಿ ನೋಡಿದರೆ ಎಲಚಿ, ನೆಲ್ಲಿಗಳನ್ನೂ ಈ ಪಂಕ್ತಿಯಲ್ಲೇ ಕೂರಿಸಬಹುದು. ಇವುಗಳ ಸರದಿ ವರ್ಷವಿಡೀ ನಡೆಯುತ್ತದೆ. ಯುಗಾದಿ ಕಳೆದ ಮೇಲೆ ಕಾಯಿಗವಳಿ, ಬೇಸಿಗೆಯ ಕೊನೆಗೆ ಮುರುಗಲು ಮತ್ತು ಕಪ್ಪಾದ ಕವಳಿ, ಮುಂಗಾರಿನ ಜೊತೆ ನೇರಳೆ, ಕಾರ್ತಿಕದಿಂದ ನೆಲ್ಲಿ, ಸಂಕ್ರಾಂತಿಗೆ ಎಲಚಿ. ಒಂದೇ ಹಣ್ಣಿಗೆ ಊರಿಗೊಂದು ಹೆಸರು: ಬೆಳಗಾವಿಯ ಕವಳಿ ಮಲೆನಾಡಿನಲ್ಲಿ ಕೌಳಿ, ಕರಾವಳಿಯಲ್ಲಿ ಕರಂಡೆ. ಮೈಸೂರು ಸೀಮೆಯ ಎಲಚಿ ಉತ್ತರ ಕರ್ನಾಟಕದಲ್ಲಿ ಬಾರಿಹಣ್ಣು. ಉತ್ತರ ಕನ್ನಡದ ಮುರುಗಲು ದಕ್ಷಿಣ ಕನ್ನಡದಲ್ಲಿ ಪುನರ್ಪುಳಿ. ಊರಿನ ಹೆಸರುಗಳಲ್ಲೂ ಅವು ಸೇರಿಕೊಂಡಿವೆ. ಆನೇಕಲ್ ತಾಲ್ಲೂಕಿನಲ್ಲಿ ನೇರಳೂರಿದೆ, ಬಂಟ್ವಾಳದ ಕಡೆ ನೇರಳಕಟ್ಟೆ ಇದೆ, ಬೆಂಗಳೂರಿನ ಮೆಟ್ರೊ ನಿಲ್ದಾಣವೊಂದು ಯಲಚೇನಹಳ್ಳಿ ಎಂಬ ಹೆಸರಿನಲ್ಲಿ ಎಲಚಿಯನ್ನು ಹೊತ್ತು ನಿಂತಿದೆ. ಹೆಸರಿನಲ್ಲಿ ಉಳಿದ ಮರ ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದು ಈಗ ಕೇಳಬೇಕಾದ ಪ್ರಶ್ನೆ.

ಉತ್ತರ ಹುಡುಕಲು ಈ ಹಣ್ಣುಗಳನ್ನು ಎರಡು ಗುಂಪು ಮಾಡಿ ನೋಡೋಣ. ನೆಲ್ಲಿ ಮತ್ತು ಮುರುಗಲು ಒಂದು ಕಡೆ. ನೇರಳೆ, ಕವಳಿ, ಎಲಚಿ ಇನ್ನೊಂದು ಕಡೆ. ನೆಲ್ಲಿಯನ್ನು ಹಾಗೇ ಕಚ್ಚಿ ತಿನ್ನುವವರು ಕಡಿಮೆ. ಆದರೆ ಅದು ಉಪ್ಪಿನಕಾಯಿಯ ಭರಣಿ ಸೇರಿತು, ತಂಬುಳಿಗೆ ಬಂತು, ಚಿತ್ರಾನ್ನಕ್ಕೆ ಬಂತು, ಮಲೆನಾಡಿನಲ್ಲಿ ಜಜ್ಜಿ ಒಣಗಿಸಿದ ನೆಲ್ಲಿಚಟ್ಟಾಗಿ ಮಳೆಗಾಲಕ್ಕೆ ಕಾಪಿಟ್ಟ ಹುಳಿಯಾಯಿತು. ಹಾಗಾಗಿ ಚಳಿಗಾಲದಲ್ಲಿ ಅದಿಲ್ಲದ ತರಕಾರಿ ಮಾರುಕಟ್ಟೆಯನ್ನು ಕರ್ನಾಟಕದಲ್ಲಿ ಹುಡುಕುವುದು ಕಷ್ಟ. ಬೇಡಿಕೆ ಗಟ್ಟಿಯಾಗಿದ್ದುದರಿಂದಲೇ ಕಾಡಿನ ಮರ ಹೊಲಕ್ಕೆ ಇಳಿಯಿತು. ಉತ್ತರ ಪ್ರದೇಶದ ಪ್ರತಾಪಗಢದ ಸುತ್ತ ದೊಡ್ಡ ಗಾತ್ರದ ನೆಲ್ಲಿಯ ತೋಟಗಳೇ ಎದ್ದವು. ಮುರುಗಲಿನದ್ದೂ ಇದೇ ಕಥೆ. ಸಿಪ್ಪೆ ಒಣಗಿ ಸಾರಿನ ಹುಳಿಯಾಯಿತು, ಸಕ್ಕರೆಯಲ್ಲಿ ನೆನೆದು ಶರಬತ್ತಾಯಿತು, ಬೀಜದ ಕೊಬ್ಬು ಮುರುಗಲು ತುಪ್ಪವಾಯಿತು. ಹಣ್ಣಿನ ಯಾವ ಭಾಗವೂ ಹಾಳಾಗದ ಕಾರಣ ಅಂಗಳದ ಮರ ಕಡಿಯಲು ಮನೆಯವರಿಗೆ ಕೈ ಬರಲಿಲ್ಲ. ನೇರಳೆ, ಕವಳಿ, ಎಲಚಿಗಳು ಮಾತ್ರ ಬಹುಮಟ್ಟಿಗೆ ದಾರಿಯಲ್ಲಿ ತಿಂದು ಮುಗಿಸುವ ಹಣ್ಣುಗಳಾಗಿಯೇ ಉಳಿದವು. ಸಂಕ್ರಾಂತಿಯಂದು ಮಕ್ಕಳ ತಲೆಯ ಮೇಲೆ ಕಬ್ಬಿನ ಚೂರು, ಕಾಸಿನ ಜೊತೆ ಸುರಿಯಲು ಎಲಚಿ ಬೇಕು. ಮಾರನೆಯ ದಿನದಿಂದ ಅದರ ನೆನಪಿಲ್ಲ. ತಮಿಳುನಾಡು, ಆಂಧ್ರಗಳಲ್ಲಿ ಅದೇ ಎಲಚಿಯನ್ನು ಬೆಲ್ಲ, ಉಪ್ಪು, ಮೆಣಸಿನಕಾಯಿಯ ಜೊತೆ ಕುಟ್ಟಿ ಬಿಸಿಲಿಗೆ ಒಣಗಿಸಿ ವಡೆ ಮಾಡಿಡುತ್ತಾರೆ. ಬೇಡಿಕೆ ಒಂದು ದಿನದ್ದಾದರೆ ಮರದ ಆಯಸ್ಸೂ ಅಷ್ಟಕ್ಕಷ್ಟೇ.

ಅಡುಗೆಯ ಬೇಡಿಕೆ ಇಷ್ಟು ವ್ಯತ್ಯಾಸ ಮಾಡುವುದು ಹೇಗೆ ಎಂದು ತಿಳಿಯಲು ನೇರಳೆ ಕೀಳುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಮರ ಎತ್ತರದ್ದು, ಕೊಂಬೆ ಪೆಡಸು. ಭಾರ ಬಿದ್ದರೆ ಸೂಚನೆ ಕೊಡದೆ ಮುರಿಯುತ್ತದೆ. ಒಬ್ಬ ಮೇಲೇರಿ ಕೊಂಬೆ ಅಲುಗಿಸಿದರೆ ಕೆಳಗೆ ನಾಲ್ಕು ಜನ ಬಟ್ಟೆ ಹಿಡಿದು ನಿಲ್ಲಬೇಕು. ನೆಲಕ್ಕೆ ಬಿದ್ದ ಹಣ್ಣು ಒಡೆದು ಮಣ್ಣಾಗುತ್ತದೆ. ಗೊಂಚಲಿನ ಹಣ್ಣೆಲ್ಲ ಒಟ್ಟಿಗೆ ಮಾಗುವುದಿಲ್ಲ, ಆದ್ದರಿಂದ ಒಂದೇ ಮರಕ್ಕೆ ಹಲವು ಸಲ ಹತ್ತಬೇಕು. ಕಿತ್ತ ಮೇಲೆ ಸಾಮಾನ್ಯ ಉಷ್ಣತೆಯಲ್ಲಿ ಒಂದೆರಡು ದಿನ ತಡೆದರೆ ಹೆಚ್ಚು. ಇಷ್ಟೆಲ್ಲ ಆಗಿ ಬುಟ್ಟಿಗೆ ಬಂದ ಹಣ್ಣಿನಲ್ಲಿ ಹಾಗೇ ತಿನ್ನುವವರು ಬಯಸುವುದು ಮೇಲ್ಪದರವನ್ನು ಮಾತ್ರ. ಉಳಿದದ್ದರ ನಷ್ಟವನ್ನೂ ಮೇಲ್ಪದರದ ಬೆಲೆಗೇ ಸೇರಿಸಬೇಕಾಗುತ್ತದೆ. ಪೇಟೆಯಲ್ಲಿ ನೇರಳೆ ದುಬಾರಿಯಾಗಲು ಇದೂ ಕಾರಣ. ಅಡುಗೆಯವರಿಗೆ ಹಣ್ಣು ಗುಂಡಗಿರಬೇಕಿಲ್ಲ, ಒಡೆದರೂ ಹುಳಿಯದಿದ್ದರೆ ಸಾಕು. ಅವರು ಕಾಲು ಕಿಲೋಗೆ ನಿಲ್ಲುವುದಿಲ್ಲ, ಗೊಜ್ಜಿಗೋ ಶರಬತ್ತಿಗೋ ಎರಡು ಕಿಲೋ ಕೊಳ್ಳುತ್ತಾರೆ. ಒಡೆದ ಹಣ್ಣಿಗೆ ಅರ್ಧ ಬೆಲೆ ಸಿಕ್ಕರೂ ಮಾರುವಾಕೆಯ ನಷ್ಟ ಇಳಿಯುತ್ತದೆ, ಮೇಲ್ಪದರದ ಬೆಲೆಯನ್ನು ಇಳಿಸಲು ಆಕೆಗೆ ಅನುವಾಗುತ್ತದೆ. ಹಣ್ಣು ತಿನ್ನುವವರ ಮತ್ತು ಮಾರುವವರ ಹಿತಗಳೆರಡೂ ಕೂಡುವ ಜಾಗ ಅಡುಗೆಮನೆಯೇ.

ಕನ್ನಡದ ಅಡುಗೆಗೆ ಈ ಹಣ್ಣುಗಳನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಒಂದು ರುಚಿಯ ಹೆಸರನ್ನೇ ಪದಾರ್ಥಕ್ಕೆ ಇಟ್ಟು ಹುಳಿ ಎಂದು ಕರೆದ ಅಡುಗೆ ನಮ್ಮದು. ಆ ಹುಳಿಗೆ ಹುಣಸೆಯೊಂದೇ ಆಧಾರವಾಗಿರಲಿಲ್ಲ. ಮಾವಿನ ಮಿಡಿ, ಅಮಟೆ, ಬಿಂಬುಳಿ, ಮುರುಗಲು, ಕವಳಿಗಳು ತಮ್ಮ ತಮ್ಮ ಕಾಲಕ್ಕೆ ಅದರ ಜಾಗಕ್ಕೆ ಬರುತ್ತಿದ್ದವು. ಕಾಯಿಗವಳಿಯ ಚಟ್ನಿಯನ್ನೇ ನೋಡಿ. ತೊಟ್ಟು ಮುರಿದಲ್ಲಿ ಬಿಳಿ ಸೊನೆ ಜಿನುಗಿ ಕೈಗೆ ಅಂಟುತ್ತದೆ. ಬೆರಳಿಗೆ ಎರಡು ಹನಿ ಎಣ್ಣೆ ಸವರಿಕೊಂಡು, ಕಾಯಿಯನ್ನು ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಬಿಟ್ಟು ತೊಳೆದರೆ ಆ ಕಾಟ ಮುಗಿಯಿತು. ಜಜ್ಜಿ ಬೀಜ ಕೊಡವಿ, ತೆಂಗಿನ ತುರಿ, ಹಸಿಮೆಣಸಿನಕಾಯಿ, ಉಪ್ಪು, ಚೂರು ಬೆಲ್ಲ ಸೇರಿಸಿ ರುಬ್ಬಬೇಕು. ಮೇಲೆ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಬಿದ್ದರೆ ರೊಟ್ಟಿಗೂ ಅನ್ನಕ್ಕೂ ಆಗುತ್ತದೆ, ಹುಣಸೆಯ ಸುದ್ದಿಯೇ ಬೇಡ. ನೇರಳೆಯ ತೊಡಕು ಹುಳಿಯಲ್ಲ, ಒಗರು. ಆ ಒಗರು ಟ್ಯಾನಿನ್‌ನಿಂದ ಬರುತ್ತದೆ, ಟ್ಯಾನಿನ್ ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುವ ಗುಣದ್ದು. ಆದ್ದರಿಂದ ಮೊಸರು ಸೇರಿದ ಕೂಡಲೇ ನಾಲಿಗೆ ಹಿಡಿಯುವ ಒಗರು ತಗ್ಗುತ್ತದೆ. ಒಡೆದ ಹಣ್ಣನ್ನು ತೂತಿನ ಜಾಲರಿಯ ಮೇಲೆ ಉಪ್ಪು ಹಾಕಿ ಉಜ್ಜಿದರೆ ತಿರುಳು ಕೆಳಗಿಳಿದು ಗೊರಟೆ ಮೇಲುಳಿಯುತ್ತದೆ. ಆ ತಿರುಳಿಗೆ ಹುರಿದ ಜೀರಿಗೆ, ಕಾಳುಮೆಣಸು, ತೆಂಗಿನಕಾಯಿ ರುಬ್ಬಿ ಹಾಕಿ ಕಡೆದ ಮೊಸರು ಬೆರೆಸಿದರೆ ತಂಬುಳಿ. ಬೆಲ್ಲ, ಮೆಣಸಿನಪುಡಿ ಹಾಕಿ ಕುದಿಸಿದರೆ ಗೊಜ್ಜು. ಕುದಿಸುವ ಪಾತ್ರೆ ಮಾತ್ರ ಸ್ಟೀಲಿನದೋ ಮಣ್ಣಿನದೋ ಇರಲಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಹಣ್ಣಿನ ಆಮ್ಲ ಲೋಹವನ್ನು ಮುಟ್ಟಿ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತದೆ.

ಕವಳಿಯನ್ನು ನಾವು ಗೊತ್ತಿಲ್ಲದೆ ತಿನ್ನುತ್ತಲೇ ಬಂದಿದ್ದೇವೆ. ಬೇಕರಿಯ ಕೇಕು, ಬನ್ನುಗಳ ಮೇಲೆ ಕೂರುವ ಕೆಂಪು ‘ಚೆರ್ರಿ’ ಅನೇಕ ಸಲ ಚೆರ್ರಿಯಲ್ಲ. ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆ ಪಾಕದಲ್ಲಿ ನೆನೆಸಿದ ಕವಳಿ. ಈ ಸಂಗತಿಯಲ್ಲಿ ಎರಡು ಪಾಠಗಳಿವೆ. ಅಡುಗೆಯ ಹದಕ್ಕೆ ಒಗ್ಗುವ, ಬೇಯಿಸಿದರೂ ಆಕಾರ ಬಿಡದ ಗಟ್ಟಿ ಹಣ್ಣು ಇದು ಎಂದು ಉದ್ಯಮ ಎಂದೋ ಕಂಡುಕೊಂಡಿದೆ. ಮತ್ತೆ, ಹೆಸರು ಅಳಿಸಿಕೊಂಡು ಬಂದ ಹಣ್ಣಿಗೆ ಬೇಡಿಕೆ ಎಷ್ಟಿದ್ದರೂ ಗೌರವ ಹುಟ್ಟುವುದಿಲ್ಲ. ಬೇಕರಿಯಲ್ಲಿ ಚೆರ್ರಿ ಕೇಳುವ ಮಗುವಿಗೆ ಅದು ಖಾನಾಪುರದ ಕುರುಚಲು ಕಾಡಿನ ಮುಳ್ಳುಗಿಡದಲ್ಲೂ ಬಿಡುವ ಹಣ್ಣೆಂದು ಹೇಳುವವರು ಇಲ್ಲ. ಕಾಯಿಗವಳಿಯಲ್ಲಿ ಪೆಕ್ಟಿನ್ ಧಾರಾಳ, ಹೊರಗಿನಿಂದ ಏನೂ ಸೇರಿಸದೆಯೇ ಜ್ಯಾಮ್ ಗಟ್ಟಿಯಾಗುತ್ತದೆ. ಅಂಥ ಹಣ್ಣಿನ ಊರಿನಲ್ಲಿದ್ದುಕೊಂಡು ದೂರದ ಹಣ್ಣಿನ ಸುವಾಸನೆ ಬೆರೆಸಿದ ಬಾಟಲಿಗಳನ್ನು ಕೊಳ್ಳುತ್ತಿದ್ದೇವೆ ಎಂಬುದು ನೋವಿನ ವಿಷಯ.

‘ಇವೆಲ್ಲ ಕಾಡುಹಣ್ಣು, ಪೇಟೆಯ ಹಣ್ಣಾಗುವ ಯೋಗ್ಯತೆ ಇವಕ್ಕಿಲ್ಲ, ಬ್ಲ್ಯೂಬೆರಿಯ ಹದ ಎಲ್ಲಿ, ಕವಳಿಯ ಹುಳಿ ಎಲ್ಲಿ’ ಎನ್ನುವವರಿದ್ದಾರೆ. ಬ್ಲ್ಯೂಬೆರಿಯ ಚರಿತ್ರೆಯೇ ಇದಕ್ಕೆ ಉತ್ತರ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೂ ಅಮೆರಿಕದ ಕಾಡಂಚಿನ ಪೊದೆಯ ಹಣ್ಣಷ್ಟೇ, ತೋಟದಲ್ಲಿ ಬೆಳೆಯಲು ಬಾರದೆಂದೇ ಜನ ನಂಬಿದ್ದರು. ಅಲ್ಲಿನ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ ಫ್ರೆಡರಿಕ್ ಕೋವಿಲ್ ಅದಕ್ಕೆ ಆಮ್ಲೀಯ ಮಣ್ಣು ಬೇಕೆಂದು ಕಂಡುಹಿಡಿದರು. ನ್ಯೂಜೆರ್ಸಿಯ ಕೃಷಿಕ ಮಹಿಳೆ ಎಲಿಜಬೆತ್ ವೈಟ್ ತಮ್ಮ ಸುತ್ತಲಿನ ಹಣ್ಣು ಕೀಳುವವರ ಕೈಗೆ ತೂತು ಕೊರೆದ ಅಲ್ಯೂಮಿನಿಯಂ ಪಟ್ಟಿ ಕೊಟ್ಟರು. ಆ ತೂತು ಸುಮಾರು 16 ಮಿಲಿಮೀಟರಿನದು. ಅದರಲ್ಲಿ ತೂರದಷ್ಟು ದಪ್ಪ ಹಣ್ಣು ಬಿಡುವ ಪೊದೆ ತೋರಿಸಿದವರಿಗೆ ಹಣ ಕೊಟ್ಟರು, ಪೊದೆಗೆ ಅವರದೇ ಹೆಸರಿಟ್ಟರು. 1916ರಲ್ಲಿ ತೋಟದ ಬ್ಲ್ಯೂಬೆರಿ ಮೊದಲ ಬಾರಿ ಮಾರುಕಟ್ಟೆಗೆ ಹೋಯಿತು. ನೂರು ಚಿಲ್ಲರೆ ವರ್ಷಗಳಲ್ಲಿ ಅದು ನಮ್ಮ ಮಹಾನಗರಗಳ ಫ್ರಿಜ್ಜುಗಳಿಗೆ ಬಂದಿರುವುದರ ಹಿಂದೆ ಇರುವುದು ಹುಟ್ಟುಗುಣ ಒಂದೇ ಅಲ್ಲ. ಕಾಡಂಚಿನ ಜನರ ಕಣ್ಣು, ವಿಜ್ಞಾನಿಯ ತಾಳ್ಮೆ, ಕಾಯ್ದು ಕೊಳ್ಳುವ ಮನೆಗಳು ಮೂರೂ ಇವೆ. ನಮ್ಮಲ್ಲಿ ಮೊದಲೆರಡಕ್ಕೆ ಬರವಿಲ್ಲ. ಮಹಾರಾಷ್ಟ್ರದ ದಾಪೋಳಿಯ ಕೊಂಕಣ ಕೃಷಿ ವಿದ್ಯಾಪೀಠ ‘ಕೊಂಕಣ ಬೋಲ್ಡ್’ ಎಂಬ ಕವಳಿ, ‘ಕೊಂಕಣ ಬಹಡೋಲಿ’ ಎಂಬ ನೇರಳೆ, ‘ಕೊಂಕಣ ಅಮೃತಾ’ ಎಂಬ ಮುರುಗಲು ತಳಿಗಳನ್ನು ಕೊಟ್ಟಿದೆ. ಯಾವ ಹಾಡಿಯ ಯಾವ ಮರದ ಹಣ್ಣು ಸಿಹಿ ಎಂಬುದು ಹಣ್ಣು ಕೀಳುವ ಹೆಂಗಸರಿಗೆ ಬಾಯಿಪಾಠ. ಕೊರತೆ ಇರುವುದು ಮೂರನೆಯದಕ್ಕೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಗೊರಟೆ ಬಿಡಿಸಿ, ಸೊನೆ ತೊಳೆದು, ರುಬ್ಬಿ, ಕುದಿಸುವ ಕೆಲಸ ಯಾರ ತಲೆಗೆ ಬೀಳುತ್ತದೆ? ಹೊರಗೂ ಒಳಗೂ ದುಡಿದು ಬಳಲುವ ಹೆಣ್ಣುಮಕ್ಕಳಿಗೆ ಪರಂಪರೆಯ ಹೆಸರಿನಲ್ಲಿ ಮತ್ತೊಂದು ಕೆಲಸ ಹೊರಿಸುವುದು ನ್ಯಾಯವೇ? ಅಲ್ಲ, ಹಾಗೆ ಹೊರಿಸಲೂ ಬಾರದು. ಅಡುಗೆಮನೆ ಎಂದಾಗ ಅಲ್ಲಿ ಗಂಡಸರ ಕೈಯೂ ಮಕ್ಕಳ ಕೈಯೂ ಇರಬೇಕೆಂಬುದು ಈ ಮಾತಿನ ಒಳಗೇ ಇದೆ. ಜಾಲರಿಯ ಮೇಲೆ ನೇರಳೆ ಉಜ್ಜುವುದಕ್ಕಾಗಲಿ ಕವಳಿ ಜಜ್ಜುವುದಕ್ಕಾಗಲಿ ದೊಡ್ಡ ನೈಪುಣ್ಯ ಬೇಡ. ಮನೆಯಲ್ಲಿ ಆಗದಿದ್ದರೆ ಊರಿನ ಸ್ತ್ರೀಶಕ್ತಿ ಗುಂಪು ಮಾಡಿದ ತಿರುಳು, ಗೊಜ್ಜು, ಉಪ್ಪಿನಕಾಯಿಯನ್ನು ಅದೇ ಸಂತೆಯಲ್ಲಿ ತಕ್ಕ ಬೆಲೆ ಕೊಟ್ಟು ಕೊಳ್ಳಬಹುದು. ಆಗ ಅದೇ ಕೆಲಸಕ್ಕೆ ಕೂಲಿ ಬರುತ್ತದೆ. ಸಕ್ಕರೆ ಸುರಿದು ಜ್ಯಾಮ್ ಮಾಡಿದರೆ ಹಣ್ಣಿನ ಹಿತವೇನು ಉಳಿಯಿತು ಎಂದು ಕೇಳುವವರಿಗೂ ನಮ್ಮ ಅಡುಗೆಯಲ್ಲೇ ಉತ್ತರವಿದೆ. ಚಟ್ನಿ, ತಂಬುಳಿ, ಸಾರುಗಳಲ್ಲಿ ಹಣ್ಣು ಸಿಹಿಯಾಗಬೇಕಿಲ್ಲ. ಉಪ್ಪು, ಖಾರ, ತೆಂಗಿನ ನಡುವೆ ಅದು ಹುಳಿಯಾಗಿ, ಒಗರಾಗಿಯೇ ಚೆನ್ನ.

ಈ ಹಣ್ಣುಗಳನ್ನು ಔಷಧಿಯ ಹೆಸರಿನಲ್ಲಿ ಮಾರುವ ಚಾಳಿ ಒಳ್ಳೆಯದಲ್ಲ. ನೇರಳೆ ಬೀಜದ ಪುಡಿ ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತದೆ ಎಂಬ ಮಾತು ಬೀದಿಬೀದಿಯಲ್ಲಿದೆ. ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಅದನ್ನೇ ನಂಬಿದವರಿಗೆ ಅಪಾಯ ಖಂಡಿತ. ನೇರಳೆಯ ಸಿಪ್ಪೆಗೆ ಬಣ್ಣ ಕೊಡುವ ಆಂಥೋಸಯನಿನ್, ನೆಲ್ಲಿಯ ಸಿ ಜೀವಸತ್ವ ಇವೆಲ್ಲ ಊಟದ ಭಾಗವಾಗಿ ಒಳ್ಳೆಯವು, ಅಷ್ಟು ಹೇಳಿದರೆ ಸಾಕು. ಔಷಧಿಯಾದ ಹಣ್ಣನ್ನು ಕಾಯಿಲೆಯವರು ಚಮಚದಲ್ಲಿ ನುಂಗುತ್ತಾರೆ, ಮನೆಮಂದಿ ತಟ್ಟೆಗೆ ಬಡಿಸಿಕೊಳ್ಳುವುದಿಲ್ಲ. ಮುಂದೊಂದು ದಿನ ಬೇರೆ ಪುಡಿಯ ಸುದ್ದಿ ಬಂದರೆ ಈ ಪುಡಿಯ ಬೇಡಿಕೆ ಬೀಳುತ್ತದೆ. ರುಚಿಗೆಂದು ತಿಂದದ್ದಕ್ಕೆ ಆ ಭಯವಿಲ್ಲ.

ಕಾಡಿನ ಕಾಳಜಿಯುಳ್ಳವರ ಆಕ್ಷೇಪವನ್ನು ಹಗುರವಾಗಿ ನೋಡುವಂತಿಲ್ಲ. ಬೇಡಿಕೆ ಮರವನ್ನು ಉಳಿಸುತ್ತದೆಯೋ ಕಡಿಸುತ್ತದೆಯೋ? ಕಾಡಿನ ಹುಳಿಹಣ್ಣು ಉಪ್ಪಾಗೆಯ ಉದಾಹರಣೆ ಎದುರಿಗಿದೆ. 1990ರ ದಶಕದಲ್ಲಿ ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುವ ಮಾತ್ರೆಗೆ ಬೇಕಾದಾಗ ಬೆಲೆ ಒಮ್ಮೆಲೇ ಏರಿತು. ಪಶ್ಚಿಮಘಟ್ಟದಲ್ಲಿ ಎಳೆಗಾಯಿಗೆ ಪೈಪೋಟಿ ನಡೆಯಿತು, ಕೊಂಬೆಗಳು ಮುರಿದವು, ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ರಾಶಿ ರಾಶಿ ಕಟ್ಟಿಗೆ ಉರಿಯಿತು. ಹಕ್ಕಿ, ಬಾವಲಿ, ಕರಡಿಗಳೂ ಈ ಹಣ್ಣುಗಳನ್ನು ನಂಬಿವೆ, ಬೀಜ ಹರಡುವುದೂ ಅವುಗಳಿಂದಲೇ. ಆದರೆ ಉಪ್ಪಾಗೆಗೆ ಬಂದದ್ದು ದೂರದ ಕಾರ್ಖಾನೆಯ ಬೇಡಿಕೆ. ಮರದ ಮುಖ ಕಾಣದ, ಮುಂದಿನ ವರ್ಷದ ಚಿಂತೆಯಿಲ್ಲದ ಬೇಡಿಕೆ. ಸಂತೆಯ ಬೇಡಿಕೆ ಚಿಕ್ಕದು, ಪ್ರತಿವರ್ಷದ್ದು. ಕೊಳ್ಳುವವರಿಗೂ ಮಾರುವವರಿಗೂ ಮುಖಪರಿಚಯವಿರುತ್ತದೆ. ಕಾಡಿನ ಹಣ್ಣು ಕೀಳುವವರಿಗೆ ಅದರ ಮೇಲೆ ಹಕ್ಕಿದ್ದರೆ ಕಾಳಜಿಯೂ ಇರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿತು. ಅವರು ಸಂಗ್ರಹಿಸುವ ಕಿರು ಅರಣ್ಯ ಉತ್ಪನ್ನಗಳಲ್ಲಿ ನೆಲ್ಲಿ ಮುಖ್ಯವಾದದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಬೇಡಿಕೆಯನ್ನು ಕಾಡಿನಿಂದ ಬದುವಿಗೆ ತಿರುಗಿಸಲು ಸಾಧ್ಯ. ಕವಳಿ ಮುಳ್ಳಿನ ಗಿಡ, ದನ ನುಗ್ಗದ ಜೀವಂತ ಬೇಲಿ, ಬೇರೂರಿದ ಮೇಲೆ ನೀರು ಕೇಳುವುದು ಕಡಿಮೆ. ತಂತಿಬೇಲಿಗೆ ಸುರಿಯುವ ದುಡ್ಡಿನಲ್ಲಿ ಒಂದು ಪಾಲು ಕವಳಿ ಸಾಲಿಗೆ ಹೋದರೆ ಬೇಲಿಯೂ ಆಯಿತು, ಬೇಸಿಗೆಯ ಕೈಖರ್ಚಿಗೆ ಫಸಲೂ ಆಯಿತು. ಅದಕ್ಕೆ ರೈತ ಒಪ್ಪಬೇಕಾದರೆ ಕವಳಿ ಕೊಳ್ಳುವವರು ಸಂತೆಯಲ್ಲಿ ಕಾಣಿಸಬೇಕು.

ಬೇಗ ಕೆಡುವ ಹಣ್ಣಿಗೆ ಸಂಸ್ಥೆ ಕಟ್ಟಿದ ಅನುಭವ ಈ ರಾಜ್ಯಕ್ಕಿದೆ. ಹಣ್ಣು, ತರಕಾರಿ ಮಾರುವ ಇಂದಿನ ಹಾಪ್‌ಕಾಮ್ಸ್ 1959ರಲ್ಲಿ ತೋಟಗಾರಿಕೆ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಹುಟ್ಟಿದ್ದು ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ. ದ್ರಾಕ್ಷಿಯೂ ಬೆರಿಯೇ. ಅಂದು ದ್ರಾಕ್ಷಿಗೆ ಸಿಕ್ಕ ಕೈಯಾಸರೆ ಇಂದು ನೇರಳೆ, ಕವಳಿಗಳಿಗೆ ನಾಲ್ಕು ವಾರದ ಮಟ್ಟಿಗಾದರೂ ಸಿಗಲಿ. ಅದರ ಮಳಿಗೆಗಳಲ್ಲಿ ಆರಿಸಿದ ಹಣ್ಣಿನ ಪಕ್ಕದಲ್ಲೇ ‘ಅಡುಗೆಗೆ’ ಎಂದು ಬರೆದು ಒಡೆದ ಹಣ್ಣನ್ನೂ ಕಡಿಮೆ ಬೆಲೆಗೆ ಇಡಲಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪ್ರಮಾಣಪತ್ರ ಸಿಗುವುದು ಸಮೀಕ್ಷೆಯಲ್ಲಿ ಹೆಸರಿದ್ದವರಿಗೆ. ವರ್ಷದಲ್ಲಿ ಒಂದೇ ತಿಂಗಳು ಬುಟ್ಟಿ ಹೊತ್ತು ಬರುವಾಕೆ ಆ ಪಟ್ಟಿಯಿಂದ ಸುಲಭವಾಗಿ ತಪ್ಪಿಹೋಗುತ್ತಾಳೆ. ಅಂಥವರಿಗೆ ಹಂಗಾಮಿನ ಜಾಗವೊಂದನ್ನು ಪುರಸಭೆ, ಪಾಲಿಕೆಗಳು ಗೊತ್ತುಮಾಡಬಹುದು. ಬೆಂಗಳೂರಿನ ಅವರೆಬೇಳೆ ಮೇಳ ದೋಸೆಯಿಂದ ಪಾಯಸದವರೆಗೆ ಬೇಯಿಸಿ ಬಡಿಸಿ ಒಂದು ಕಾಳನ್ನು ಊರಿನ ಹಬ್ಬ ಮಾಡಿತು. ಹಸಿ ಕಾಯಿಯ ರಾಶಿ ಮಾತ್ರ ಇಟ್ಟಿದ್ದರೆ ಅಷ್ಟು ಜನ ಸೇರುತ್ತಿರಲಿಲ್ಲ. ಮುಂಗಾರಿನ ನೇರಳೆಗೂ ಅಂಥದೊಂದು ಮೇಳ ಬೇಕು, ಅಲ್ಲಿ ಹಣ್ಣಿನ ಪಕ್ಕದಲ್ಲಿ ಒಲೆಯೂ ಇರಬೇಕು.

ಸರ್ಕಾರ, ಸಂಘಗಳಿಗೆ ಕಾಯದೆ ನಾವೇ ಮಾಡಬಹುದಾದದ್ದು ಒಂದಿದೆ. ಮುಂದಿನ ಸಂತೆಗೆ ಬೆಳಿಗ್ಗೆಯ ಬದಲು ಸಂಜೆ ಹೋಗಿ. ಮೇಲ್ಪದರ ಖಾಲಿಯಾದ ಬುಟ್ಟಿಯ ಮುಂದೆ ನಿಂತು, ತಳದಲ್ಲಿ ಉಳಿದ ಒಡೆದ ಹಣ್ಣಿಗೆ ಬೆಲೆ ಎಷ್ಟೆಂದು ಕೇಳಿ. ಆ ಬುಟ್ಟಿಗೆ ಅದು ಹೊಸ ಪ್ರಶ್ನೆ. ಹತ್ತು ಮನೆಯವರು ಅದನ್ನು ಕೇಳಿದರೆ ಮಾರನೆಯ ವಾರ ಎರಡು ಬುಟ್ಟಿ ಬಂದಾವು. ನೂರು ಮನೆಯವರು ಕೇಳಿದರೆ, ರಸ್ತೆ ಅಗಲವಾಗುವಾಗ ಅಡ್ಡ ಬಂದ ನೇರಳೆ ಮರದ ಬುಡದಲ್ಲಿ ನಿಂತು ಬೇಡವೆನ್ನಲು ಊರಿನಲ್ಲಿ ಒಬ್ಬರಾದರೂ ಇರುತ್ತಾರೆ. ಆ ಮರದ ಹಣ್ಣು ಅವರ ಮನೆಯ ಊಟವಾಗಿರುತ್ತದೆ.